ತಾಳೆಯಾಗದ ವೈಫೈ ಲೆಕ್ಕ

ಮಕ್ಕಳೇ, ಮಕ್ಕಳ ಪಕ್ಕದಲ್ಲಿ ಕನ್ನಡಕ ಏರಿಸಿಕೊಂಡು ಕೂತಿರುವ ತಾತ-ಅಜ್ಜಿಯರೇ, ಈ ವಾರ ನಮ್ಮ ಮನೆಯ ವೈಫೈ ಕೈಕೊಟ್ಟ ಕಥೆ ಹೇಳುತ್ತೇನೆ. ಇದರಲ್ಲಿ ಒಂದು ಲೆಕ್ಕ ಇದೆ, ಒಂದು ತಪ್ಪೂ ಇದೆ. ತಪ್ಪು ಯಾರದು ಅನ್ನುವುದು ಕೊನೆಯಲ್ಲಿ ಗೊತ್ತಾಗುತ್ತದೆ.

ನಮ್ಮ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ವಿಂಡೋಸ್ 10. ಇದು 2015ರಲ್ಲಿ ಬಂದದ್ದು. 2025ರ ಅಕ್ಟೋಬರ್ 14ಕ್ಕೆ ಇದರ ಬೆಂಬಲ ಮುಗಿಯುತ್ತದೆ ಎಂದು ಮೈಕ್ರೋಸಾಫ್ಟ್ ಮೊದಲೇ ತಿಳಿಸಿತ್ತು. ಬೆಂಬಲ ಮುಗಿದರೆ ಕಂಪ್ಯೂಟರ್ ನಿಂತುಹೋಗುವುದಿಲ್ಲ. ಆದರೆ ಕಳ್ಳರು ನುಗ್ಗುವ ಹೊಸ ಕಿಂಡಿ ಎಲ್ಲಾದರೂ ಕಂಡರೆ ಅದನ್ನು ಮುಚ್ಚಿಕೊಡುವವರು ಇರುವುದಿಲ್ಲ. ಪಿಂಚಣಿ ಖಾತೆಯನ್ನು ಅದರಲ್ಲೇ ನೋಡುವ ನನ್ನಂಥವನಿಗೆ ಇದು ಸಣ್ಣ ಮಾತಲ್ಲ. ಅದಕ್ಕೇ ಸೆಪ್ಟೆಂಬರ್ 21ರ ಭಾನುವಾರ ಬೆಂಗಳೂರಿನಿಂದ ರಾಮನಗರಕ್ಕೆ ಬಂದ ಮಗ, ಕೂತು ವಿಂಡೋಸ್ 11 ಹಾಕಿಕೊಟ್ಟ. "ಮಹಾಲಯ ಅಮಾವಾಸ್ಯೆ ದಿನ ಹೊಸದು ಶುರು ಮಾಡ್ತಾರೇನ್ರೀ?" ಎಂದು ಮನೆಯವಳು ಗೊಣಗಿದಳು.

ಮಾರನೆಯ ದಿನದಿಂದ ನವರಾತ್ರಿ. ಅದೇ ಸಂಜೆ ಹಾಲ್‌ನಲ್ಲಿ ಗೊಂಬೆ ಮೆಟ್ಟಿಲು ಜೋಡಿಸಿದೆವು. ಮೇಲೆ ಪಟ್ಟದ ಗೊಂಬೆಗಳಿಗೆ ಜಾಗ, ಕೆಳಗೆ ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆಗಳು. ಜಾಗ ಮಾಡಲು ಟೀಪಾಯಿ, ಕುರ್ಚಿ, ಅದು ಇದು ಎಲ್ಲ ಸರಿಸಿದವನು ನಾನೇ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಸೋಮವಾರದಿಂದ ವೈಫೈ ತೆವಳತೊಡಗಿತು. ಆರನೇ ತರಗತಿಯ ಮೊಮ್ಮಗಳು ಪುಟ್ಟಿ ಈಗ ನಮ್ಮ ಜೊತೆ ಇದ್ದಾಳೆ. ಅವಳಮ್ಮ, ಅಂದರೆ ನನ್ನ ಮಗಳು, ಕೆಲಸದ ಮೇಲೆ ಮೂರು ತಿಂಗಳು ಪುಣೆಗೆ ಹೋಗಿದ್ದಾಳೆ. ದಿನಾ ರಾತ್ರಿ ಎಂಟು ಗಂಟೆಗೆ ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ತಾಯಿ-ಮಗಳು ಮಾತಾಡುತ್ತಾರೆ. ಈಗ ಅಮ್ಮನ ಮುಖ ಅರ್ಧಕ್ಕೆ ನಿಲ್ಲುತ್ತಿತ್ತು, ಮಾತು ತುಂಡುತುಂಡಾಗಿ ಬರುತ್ತಿತ್ತು. ಬುಧವಾರ ಗೊಂಬೆಗಳನ್ನು ತೋರಿಸಬೇಕೆಂದು ಪುಟ್ಟಿ ಲ್ಯಾಪ್‌ಟಾಪ್ ಎತ್ತಿಕೊಂಡು ಓಡಾಡಿದ್ದೇ ಬಂತು, ಕರೆ ಕಡಿದೇಹೋಯಿತು.

ಮನೆಯಲ್ಲಿ ತಲೆಗೊಂದು ಆರೋಪಿ. ಮನೆಯವಳಿಗೆ ಅಮಾವಾಸ್ಯೆ. ಮಗನಿಗೆ ಇಂಟರ್‌ನೆಟ್ ಕಂಪನಿ. ಪುಟ್ಟಿಗೆ ಹೊಸ ವಿಂಡೋಸ್. ನನಗೆ ಮಾತ್ರ ಪುಟ್ಟಿಯ ಟ್ಯಾಬ್. ದಸರಾ ರಜೆ ಅಂತ ಅವಳು ಅದರಲ್ಲಿ ಹೊಸ ಆಟವೊಂದನ್ನು ಹಾಕಿಕೊಂಡಿದ್ದಳು. "ನಿನ್ನ ಆಟದಿಂದಲೇ ಕಣೇ ನಿಮ್ಮಮ್ಮನ ಮುಖ ನಿಂತುಹೋಗೋದು" ಎಂದು ಗದರಿ, ಟ್ಯಾಬ್ ಕಿತ್ತುಕೊಂಡು ಬೀರುವಿನೊಳಗೆ ಇಟ್ಟೆ. ಅವಳು ಅಳಲಿಲ್ಲ. ಊಟಕ್ಕೆ ಕರೆದರೂ ಬರದೆ ಗೊಂಬೆಗಳ ಮುಂದೆ ಸುಮ್ಮನೆ ಕೂತಳು. ಅತ್ತಿದ್ದರೇ ವಾಸಿಯಾಗಿತ್ತು.

ಅವತ್ತು ರಾತ್ರಿ ನಿದ್ದೆ ಬಾರದೆ ಮಾಗಡಿಯ ದಿನಗಳು ನೆನಪಾದವು.

ನಾನು ಬ್ಯಾಂಕಿಗೆ ಸೇರಿದ ಹೊಸತು. ಮಾಗಡಿ ಶಾಖೆಯಲ್ಲಿ ಒಂದು ಸಂಜೆ ದಿನದ ಲೆಕ್ಕ ತಾಳೆಯಾಗಲಿಲ್ಲ. 270 ರೂಪಾಯಿ ವ್ಯತ್ಯಾಸ. ಆಗಿನ ಕಾಲಕ್ಕೆ ದೊಡ್ಡ ಮೊತ್ತ. ಕ್ಯಾಷಿಯರ್ ಅವತ್ತು ಬೇಗ ಹೊರಡುವ ಆತುರದಲ್ಲಿದ್ದರು. ಅವರ ಮೇಲೆ ನನಗೆ ಅನುಮಾನ ಬಂದು, ಹಿರಿಯ ಗುಮಾಸ್ತರ ಕಿವಿಯಲ್ಲಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಮೊದಲು ಪುಸ್ತಕ ನೋಡಪ್ಪ, ಮನುಷ್ಯರನ್ನ ಆಮೇಲೆ ನೋಡುವಿಯಂತೆ" ಅಂದರು. ಆಮೇಲೆ, "270 ಒಂಬತ್ತರಿಂದ ಭಾಗವಾಗುತ್ತಾ?" ಎಂದು ಕೇಳಿದರು. ಆಗುತ್ತದೆ, ಮೂವತ್ತು ಸಲ. "ಹಾಗಾದರೆ ಯಾರೋ ಅಂಕಿ ತಿರುವುಮುರುವು ಬರೆದಿದ್ದಾರೆ, ಹುಡುಕು" ಅಂದರು. ಅರ್ಧ ಗಂಟೆಯಲ್ಲಿ ಸಿಕ್ಕಿತು. ವೋಚರಿನಲ್ಲಿ 630, ಪುಸ್ತಕದಲ್ಲಿ 360. ಬರೆದ ಕೈ ನನ್ನದೇ.

ಮಕ್ಕಳೇ, ಇದು ಮಂತ್ರವಲ್ಲ. 63 ತಿರುಗಿಸಿದರೆ 36, ವ್ಯತ್ಯಾಸ 27. 82 ತಿರುಗಿಸಿದರೆ 28, ವ್ಯತ್ಯಾಸ 54. ಅಕ್ಕಪಕ್ಕದ ಯಾವ ಎರಡು ಬೇರೆ ಅಂಕಿ ಅದಲುಬದಲಾದರೂ ವ್ಯತ್ಯಾಸ ಒಂಬತ್ತರ ಮಗ್ಗಿಯಲ್ಲೇ ಬೀಳುತ್ತದೆ. ಒಂದು ಅಂಕಿ ಬಿಡಿ ಸ್ಥಾನದಿಂದ ಹತ್ತರ ಸ್ಥಾನಕ್ಕೆ ಏರಿದರೆ ಅದರ ಬೆಲೆ ಒಂಬತ್ತರಷ್ಟು ಹೆಚ್ಚುತ್ತದೆ, ಇಳಿದದ್ದು ಅಷ್ಟೇ ಪಟ್ಟು ತಗ್ಗುತ್ತದೆ, ಅದಕ್ಕೆ.

ಮಾರನೆಯ ಬೆಳಿಗ್ಗೆ ಹಳೆಯ ನೋಟುಪುಸ್ತಕ ತೆಗೆದು ಗೆರೆ ಹಾಕಿದೆ. ಒಂದು ಕಡೆ 'ಏನು ಬದಲಿಸಿದೆವು', ಇನ್ನೊಂದು ಕಡೆ 'ವೇಗ ಎಷ್ಟು'. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೇ ನಿಯಮ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ಬ್ರಹ್ಮನಿಗೂ ತಿಳಿಯದು. ಪುಟ್ಟಿಯನ್ನು ಕರೆದೆ. ದೂರದಲ್ಲೇ ನಿಂತು, "ಮೊದಲು ನನ್ನ ಟ್ಯಾಬ್ ಆಫ್ ಮಾಡಿ ನೋಡು ತಾತ" ಅಂದಳು. ನ್ಯಾಯವಾದ ಮಾತು.

ನಮ್ಮ ಪ್ಲಾನು 50 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 50 ಮೆಗಾಬಿಟ್. ಒಳಕೋಣೆಯ ಲ್ಯಾಪ್‌ಟಾಪಿನಲ್ಲಿ ಟ್ಯಾಬ್ ಆನ್ ಇದ್ದಾಗ ಬಂದದ್ದು 3. ಟ್ಯಾಬ್ ಪೂರ್ತಿ ಆಫ್ ಮಾಡಿದ ಮೇಲೂ 3. ಪುಟ್ಟಿ ನನ್ನ ಮುಖ ನೋಡಿದಳು. ನಾನು ಪುಸ್ತಕ ನೋಡಿದೆ.

ಆಮೇಲೆ ಲ್ಯಾಪ್‌ಟಾಪ್ ಆರಿಸಿ, ನನ್ನ ಮೊಬೈಲಿನಿಂದ ರೌಟರಿನ ಪಕ್ಕದಲ್ಲೇ ಅಳೆದೆವು. 48. ಅಂದರೆ ಬೀದಿಯಿಂದ ಮನೆಯವರೆಗೆ ಬರುವ ಫೈಬರ್ ಚೆನ್ನಾಗಿದೆ, ಕಂಪನಿಯವರನ್ನು ಬೈಯುವ ಹಾಗಿಲ್ಲ. ಅದೇ ಮೊಬೈಲು ಒಳಕೋಣೆಯಲ್ಲಿ 12ಕ್ಕೆ ಇಳಿಯಿತು. ಮೊಬೈಲಿಗೆ ಯಾರೂ ವಿಂಡೋಸ್ 11 ಹಾಕಿಲ್ಲವಲ್ಲ! ಹಾಗಾದರೆ ತಪ್ಪು ಹೊಸ ವಿಂಡೋಸಿನದೊಂದೇ ಅಲ್ಲ. ಅಷ್ಟರಲ್ಲಿ ಪುಟ್ಟಿ ಬೀರುವಿನ ಹಿಂದೆ ಇಣುಕಿ, "ತಾತ, ರೌಟರ್ ಇಲ್ಲಿಗೆ ಯಾವಾಗ ಬಂತು? ಟೀಪಾಯಿ ಮೇಲಲ್ವಾ ಇದ್ದಿದ್ದು?" ಅಂದಳು.

ಗೊಂಬೆಗಳಿಗೆ ಜಾಗ ಮಾಡುವಾಗ ಅದನ್ನು ಎತ್ತಿ, ಉಕ್ಕಿನ ಬೀರುವಿನ ಹಿಂದೆ ನೆಲದ ಮೇಲೆ ಇಟ್ಟವನು ನಾನು! ಒಂದೇ ಭಾನುವಾರ ಎರಡು ಬದಲಾವಣೆ ಆಗಿದ್ದವು. ನನಗೆ ನೆನಪಿದ್ದದ್ದು ಮಗ ಮಾಡಿದ್ದು ಮಾತ್ರ.

ವೈಫೈ ಅಂದರೆ ರೇಡಿಯೋ ಅಲೆ. ಲೋಹ ಅದನ್ನು ತಿರುಗಿಸಿ ಕಳಿಸುತ್ತದೆ, ದಪ್ಪ ಕಲ್ಲುಗೋಡೆ ಅದರ ಬಲವನ್ನು ನುಂಗುತ್ತದೆ. ನಮ್ಮದು ಒಂದೂವರೆ ಅಡಿ ದಪ್ಪದ ಕಲ್ಲುಗೋಡೆಯ ಹಳೆಯ ಮನೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಇಲ್ಲಿನ ಬೆಟ್ಟಗಳ ಬಂಡೆಗೆ ಭೂವಿಜ್ಞಾನಿಗಳು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಸುಮಾರು 250 ಕೋಟಿ ವರ್ಷ ಹಳೆಯ ಬಂಡೆಗೆ ನಮ್ಮ ಬಡಪಾಯಿ ವೈಫೈ ಯಾವ ಲೆಕ್ಕ?

ಇನ್ನೊಂದು ವಿಷಯ. ಈಗಿನ ಹೆಚ್ಚಿನ ರೌಟರುಗಳಲ್ಲಿ ಎರಡು ದಾರಿ ಇರುತ್ತವೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ನಮ್ಮ ಬೆಂಗಳೂರು-ಮೈಸೂರು ರಸ್ತೆಯನ್ನೇ ನೆನೆಸಿಕೊಳ್ಳಿ. ರಾಮನಗರ, ಚನ್ನಪಟ್ಟಣದ ಊರೊಳಗಿನ ಹಳೆಯ ರಸ್ತೆ ಎಲ್ಲರ ಬಾಗಿಲಿಗೂ ಹತ್ತಿರ, ಆದರೆ ಆಟೋ, ಬೈಕು, ಬಸ್ಸು ಎಲ್ಲವೂ ಅದರಲ್ಲೇ. 2.4 ಹಾಗೆ. ದೂರ ತಲುಪುತ್ತದೆ, ಆದರೆ ಪಕ್ಕದ ಮನೆಯ ವೈಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲ ಅದೇ ದಾರಿಯಲ್ಲಿ ಗದ್ದಲ ಮಾಡುತ್ತವೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಊರ ಹೊರಗಿನಿಂದ ಹೋಗುತ್ತದೆ. ವೇಗ ಬಹಳ, ಆದರೆ ಬೇಕಾದಲ್ಲೆಲ್ಲ ಇಳಿಯುವಂತಿಲ್ಲ. 5 ಹಾಗೆ. ಹತ್ತಿರದಲ್ಲಿ ಓಡುತ್ತದೆ, ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತದೆ. ಬೀರುವಿನ ಹಿಂದೆ ಸಿಕ್ಕಿಬಿದ್ದ ಮೇಲೆ 5ರ ದಾರಿ ಒಳಕೋಣೆಗೆ ಸಿಗದೆ, ಲ್ಯಾಪ್‌ಟಾಪು ಹಳೆಯ ರಸ್ತೆಗೆ ಇಳಿದಿತ್ತು.

ರೌಟರನ್ನು ಹಾಲ್‌ನ ಗೋಡೆಯ ಮೇಲಿನ ಶೆಲ್ಫಿಗೆ ಏರಿಸಿದೆವು. ಫೈಬರ್ ತಂತಿಯೊಳಗೆ ಇರುವುದು ಗಾಜಿನ ಎಳೆ, ಅದನ್ನು ಚೂಪಾಗಿ ಮಡಿಸಬಾರದು. ಮೊಬೈಲು ಒಳಕೋಣೆಯಲ್ಲಿ 36 ತೋರಿಸಿತು. ಖುಷಿಯಿಂದ ಲ್ಯಾಪ್‌ಟಾಪ್ ಹಚ್ಚಿದರೆ ಬರೀ 8! ಹಿರಿಯ ಗುಮಾಸ್ತರ ಇನ್ನೊಂದು ಮಾತು ನೆನಪಾಯಿತು. "ಒಂದು ತಪ್ಪು ಸಿಕ್ಕಿತು ಅಂತ ಪುಸ್ತಕ ಮುಚ್ಚಬೇಡ."

ಈಗ ವೈಫೈಯನ್ನೇ ಬದಿಗಿಟ್ಟು, ಲ್ಯಾಪ್‌ಟಾಪಿಗೆ ರೌಟರಿನಿಂದ ನೇರವಾಗಿ ಕೇಬಲ್ ಹಾಕಿದೆವು. 19. ಕೇಬಲ್ಲಿನಲ್ಲೂ 48ರ ಹತ್ತಿರ ಬರದಿದ್ದರೆ, ಒಳಗೇ ಯಾರೋ ತಿನ್ನುತ್ತಿದ್ದಾರೆ ಎಂದಾಯಿತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ 'ನೆಟ್‌ವರ್ಕ್' ಎಂಬ ಕಾಲಮ್ಮಿನ ಮೇಲೆ ಒತ್ತಿದರೆ ಹೆಚ್ಚು ತಿನ್ನುವವನು ಮೇಲೆ ಬರುತ್ತಾನೆ. ಮೇಲೆ ಬಂದದ್ದು ಫೋಟೋ ಬ್ಯಾಕಪ್. ಬೇಸಿಗೆ ರಜೆಯಲ್ಲಿ ನಾನು ಮತ್ತು ಪುಟ್ಟಿ ಮನೆಯ ಹಳೆಯ ಆಲ್ಬಮ್ಮುಗಳನ್ನೆಲ್ಲ ಮೊಬೈಲಿನಲ್ಲಿ ತೆಗೆದು ಲ್ಯಾಪ್‌ಟಾಪಿಗೆ ತುಂಬಿದ್ದೆವು, ಸುಮಾರು 4 ಜಿಬಿ. ಹೊಸ ವಿಂಡೋಸ್ ಹಾಕಿದ ದಿನ ಪರದೆ ಮೇಲೆ ಅದೇನೋ ಕೇಳಿದಾಗ, ಓದದೆಯೇ 'ಹೌದು' ಒತ್ತಿದವನು ನಾನು. ಅಂದಿನಿಂದ ಲ್ಯಾಪ್‌ಟಾಪ್ ತೆರೆದಾಗಲೆಲ್ಲ ಆ ಫೋಟೋಗಳು ಒಂದೊಂದೇ ಇಂಟರ್‌ನೆಟ್ಟಿಗೆ ಏರುತ್ತಿದ್ದವು.

ಎಷ್ಟು ಹೊತ್ತು ಬೇಕು? 8 ಬಿಟ್ ಸೇರಿದರೆ 1 ಬೈಟ್. 4 ಜಿಬಿ ಅಂದರೆ ಸುಮಾರು 4,000 ಮೆಗಾಬೈಟ್, ಅಂದರೆ 32,000 ಮೆಗಾಬಿಟ್. ಸೆಕೆಂಡಿಗೆ 2 ಮೆಗಾಬಿಟ್ ಏರಿದರೆ 16,000 ಸೆಕೆಂಡು, ಹತ್ತಿರಹತ್ತಿರ ನಾಲ್ಕೂವರೆ ಗಂಟೆ. ನಾವು ಲ್ಯಾಪ್‌ಟಾಪ್ ತೆರೆಯುತ್ತಿದ್ದದ್ದು ರಾತ್ರಿ ಮುಕ್ಕಾಲು ಗಂಟೆ, ಸರಿಯಾಗಿ ಪುಟ್ಟಿಯ ಅಮ್ಮನ ಕರೆಯ ಹೊತ್ತಿಗೆ. ಬ್ಯಾಕಪ್ ತಡೆದ ಕೂಡಲೇ ಕೇಬಲ್ಲಿನಲ್ಲಿ 47, ವೈಫೈಯಲ್ಲಿ 34. ಲೆಕ್ಕ ತಾಳೆಯಾಯಿತು. ಬ್ಯಾಕಪ್ ಒಳ್ಳೆಯದೇ. ಈಗ ಅದನ್ನು ಹಗಲು ಹೊತ್ತು, ಯಾರೂ ಬಳಸದಾಗ ಬಿಡುತ್ತೇವೆ.

ನಿಮ್ಮ ಮನೆಯಲ್ಲೂ ಹೀಗಾದರೆ ಈ ಕ್ರಮ ಹಿಡಿಯಿರಿ.

1. ಹೊಸ ವಿಂಡೋಸ್ ಹಾಕಿದ ಮೇಲೆ ಒಂದೆರಡು ದಿನ ತಾಳಿ. ಅದು ಉಳಿದ ಅಪ್‌ಡೇಟುಗಳನ್ನು ಹಿಂದಿನಿಂದ ಇಳಿಸಿಕೊಳ್ಳುತ್ತಿರುತ್ತದೆ. ಒಂದು ರಾತ್ರಿ ಚಾರ್ಜಿಗೆ ಹಾಕಿ ಆನ್ ಬಿಡಿ.

2. ರೌಟರನ್ನು ಅರ್ಧ ನಿಮಿಷ ಆರಿಸಿ ಮತ್ತೆ ಹಚ್ಚಿ. ಅದನ್ನು ಎತ್ತರದಲ್ಲಿ, ಮನೆಯ ನಡುವೆ, ಬಯಲಾಗಿ ಇಡಿ.

3. ಅದೇ ಜಾಗದಲ್ಲಿ ಮೊಬೈಲು ಹೇಗಿದೆ ನೋಡಿ. ಎರಡೂ ನಿಧಾನವಾದರೆ ರೌಟರು ಅಥವಾ ಲೈನು. ಲ್ಯಾಪ್‌ಟಾಪ್ ಮಾತ್ರವಾದರೆ ಲ್ಯಾಪ್‌ಟಾಪು. ಆಗ ಟಾಸ್ಕ್ ಮ್ಯಾನೇಜರ್ ನೋಡಿ.

4. ಆಗಲೂ ಸರಿಯಾಗದಿದ್ದರೆ ಆ ವೈಫೈ ಹೆಸರನ್ನು 'ಫರ್ಗೆಟ್' ಮಾಡಿ ಮತ್ತೆ ಸೇರಿಸಿ. ವೈಫೈಯನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಹೊಸ ವಿಂಡೋಸಿಗೆ ಹೊಂದದೆಯೂ ಇರಬಹುದು. ಲ್ಯಾಪ್‌ಟಾಪ್ ತಯಾರಿಸಿದವರ ಸ್ವಂತ ತಾಣದಿಂದಲೇ ಅದನ್ನು ಇಳಿಸಿಕೊಳ್ಳಿ.

5. ನೆಟ್‌ವರ್ಕ್ ರೀಸೆಟ್ ಕೊನೆಯ ಮದ್ದು. ವೈಫೈ ಪಾಸ್‌ವರ್ಡ್ ಮರೆತುಹೋಗುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ. ಏನೂ ಸರಿಹೋಗದಿದ್ದರೆ ಸಾಮಾನ್ಯವಾಗಿ ಹತ್ತು ದಿನದೊಳಗೆ ಹಳೆಯ ವಿಂಡೋಸಿಗೆ ಹಿಂತಿರುಗಲು ಅವಕಾಶವಿದೆ.

ಹಿರಿಯರಿಗೆ ಒಂದು ಮಾತು. "ನಿಮ್ಮ ಕಂಪ್ಯೂಟರ್ ನಿಧಾನ ಆಗಿದೆ, ನಾವು ಸರಿಮಾಡ್ತೀವಿ" ಎಂದು ಯಾರಾದರೂ ತಾವಾಗಿ ಫೋನ್ ಮಾಡಿ ಆ್ಯಪ್ ಹಾಕಿಸಿದರೆ, ಓಟಿಪಿ ಕೇಳಿದರೆ, ಫೋನಿಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಅವತ್ತು ರಾತ್ರಿ ಎಂಟಕ್ಕೆ ಮಗಳು ಪುಣೆಯಿಂದ ಒಂದೊಂದೇ ಗೊಂಬೆಯನ್ನು ನೋಡಿದಳು. ಚನ್ನಪಟ್ಟಣದ ಕುದುರೆಯ ಚಕ್ರ ತಿರುಗುವುದೂ ಕಂಡಿತಂತೆ. ಕರೆ ಮುಗಿದ ಮೇಲೆ ಟ್ಯಾಬ್ ತಂದು ಪುಟ್ಟಿಯ ಕೈಗೆ ಕೊಟ್ಟು, "ತಪ್ಪು ನಂದೇ ಕಣಮ್ಮ" ಅಂದೆ. ಅವಳು ಸುಲಭಕ್ಕೆ ಬಿಡಲಿಲ್ಲ. ನೋಟುಪುಸ್ತಕದ ಮೊದಲ ಸಾಲಿನಲ್ಲಿ 'ಕಾರಣ: ಪುಟ್ಟಿಯ ಟ್ಯಾಬ್' ಎಂದು ನಾನು ಬರೆದದ್ದು ಹಾಗೇ ಇತ್ತು. "ಅಳಿಸು ತಾತ" ಎಂದು ರಬ್ಬರ್ ಕೊಟ್ಟಳು.

ಬ್ಯಾಂಕಿನ ಪುಸ್ತಕದಲ್ಲಿ ತಪ್ಪನ್ನು ಅಳಿಸುವ ಹಾಗಿಲ್ಲ ಎಂದೆ. ಓದಲು ಬರುವ ಹಾಗೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಹಾಗೇ ಮಾಡಿದೆ. ಮೇಲೆ 'ಕಾರಣ: ತಾತ' ಎಂದು ಬರೆದೆ. ಪುಟ್ಟಿ ನನ್ನ ಸಹಿಯ ಪಕ್ಕದಲ್ಲಿ ತನ್ನದನ್ನೂ ಹಾಕಿ, "ತಾಳೆ ಆಯ್ತು" ಎಂದು ಪುಸ್ತಕ ಮುಚ್ಚಿದಳು.

ಈ ವಾರದ ಲೆಕ್ಕ: ಅಂಗಡಿಯೊಂದರ ಲೆಕ್ಕದಲ್ಲಿ 45 ರೂಪಾಯಿ ವ್ಯತ್ಯಾಸ ಬಂದಿದೆ. ಎರಡಂಕಿಯ ಒಂದು ಸಂಖ್ಯೆಯನ್ನು ಯಾರೋ ತಿರುವುಮುರುವು ಬರೆದಿದ್ದಾರೆ. ಸೊನ್ನೆ ಇಲ್ಲ. ಆ ಸಂಖ್ಯೆ ಯಾವುದಿರಬಹುದು? ನಾಲ್ಕು ಜೋಡಿ ಸಿಗಬೇಕು. ಮೊದಲು ನೀವೇ ಹುಡುಕಿ, ಆಮೇಲೆ ತಾತ-ಅಜ್ಜಿಗೆ ತೋರಿಸಿ.