ತುಟಿಯ ನರಹುಲಿಗೆ ಸುಣ್ಣ-ಸೋಡಾ: ಆ ಫಾರ್ವರ್ಡ್ ಕಳಿಸುವ ಮುನ್ನ

ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಲೆ ಎತ್ತುವ ಒಂದು ಸಂದೇಶ ಹೀಗಿರುತ್ತದೆ: ಚಿಟಿಕೆ ಸುಣ್ಣ, ಚಿಟಿಕೆ ಸೋಡಾ, ಎರಡು ಹನಿ ನೀರು. ಕಲಸಿ ನರಹುಲಿಯ ಮೇಲೆ ಇಟ್ಟರೆ ಮೂರೇ ದಿನಕ್ಕೆ ಉದುರುತ್ತದೆ. ಮುಖ, ಕುತ್ತಿಗೆ, ತುಟಿ ಎಲ್ಲಿದ್ದರೂ ನಡೆಯುತ್ತದೆ ಎಂಬ ಭರವಸೆ ಬೇರೆ. ತುಟಿಯ ಸಿಪ್ಪೆ ಏಳುವುದೂ ಅದೇ ವೈರಸ್‌ನಿಂದ ಎಂದು ಸೇರಿಸಿ ಹೇಳುವವರೂ ಇದ್ದಾರೆ.

ಇದರಲ್ಲಿ ಒಂದು ಮಾತು ಸುಳ್ಳಲ್ಲ. ನರಹುಲಿ ಕೆಲವೊಮ್ಮೆ ನಿಜಕ್ಕೂ ಉದುರುತ್ತದೆ. ಆದರೆ ಏಕೆ ಉದುರುತ್ತದೆ ಎಂದು ತಿಳಿದರೆ ಆ ಮಿಶ್ರಣವನ್ನು ತುಟಿಯ ಹತ್ತಿರ ತರುವ ಧೈರ್ಯ ಬರಲಿಕ್ಕಿಲ್ಲ.

ಎಲೆಯಡಿಕೆಗೆ ಹಚ್ಚುವ ಸುಣ್ಣ ಎಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದಕ್ಕೆ ಬಟ್ಟೆ ಸೋಡಾ ಅಥವಾ ಅಡುಗೆ ಸೋಡಾ ಬೆರೆಸಿ ನೀರು ಹಾಕಿದರೆ ಎರಡೂ ಸೇರಿ ಹೊಸದೊಂದು ವಸ್ತು ಹುಟ್ಟುತ್ತದೆ: ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ. ಸಾಬೂನು ತಯಾರಿಸಲು, ಕಟ್ಟಿಕೊಂಡ ಚರಂಡಿ ಕೊಳವೆ ಬಿಡಿಸಲು ಬಳಸುವ ಅದೇ ಕಾಸ್ಟಿಕ್ ಸೋಡಾ. ಇದು ನರಹುಲಿಯನ್ನು ಗುರುತಿಸಿ ತೆಗೆಯುವುದಿಲ್ಲ, ಸಿಕ್ಕಿದ ಚರ್ಮವನ್ನೆಲ್ಲ ಕರಗಿಸುತ್ತದೆ. ಆಮ್ಲ ಬಿದ್ದ ಜಾಗದಲ್ಲಿ ಚರ್ಮ ಗಟ್ಟಿಯಾಗಿ ಒಂದು ಪದರ ಕಟ್ಟಿಕೊಂಡು ಆಮ್ಲ ಒಳಗಿಳಿಯುವುದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಕ್ಷಾರಕ್ಕೆ ಅಂಥ ತಡೆಯೂ ಇಲ್ಲ, ಅದು ಆಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಶುರುವಿನಲ್ಲಿ ನೋವು ಹೆಚ್ಚಿಲ್ಲದಿದ್ದರೂ ಒಳಗೆ ಸುಡುತ್ತಿರಬಹುದು. ಅಂಗಾಲಿನ ದಪ್ಪ ಚರ್ಮದ ಮೇಲೇ ಇದು ಗಾಯ ಮಾಡುತ್ತದೆ. ತುಟಿಯ ಚರ್ಮವಂತೂ ದೇಹದ ಅತಿ ತೆಳುವಾದ ಚರ್ಮಗಳಲ್ಲಿ ಒಂದು. ಅಲ್ಲಿ ಉಳಿಯುವ ಕಲೆ ಮೊದಲಿದ್ದ ನರಹುಲಿಗಿಂತ ಎದ್ದು ಕಾಣಬಹುದು.

ಈಗಾಗಲೇ ಹಚ್ಚಿ ಉರಿ ಶುರುವಾಗಿದ್ದರೆ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು ವೈದ್ಯರ ಬಳಿ ಹೋಗಿ. ಕ್ಷಾರಕ್ಕೆ ಆಮ್ಲವೇ ಮದ್ದು ಎಂದು ನಿಂಬೆರಸ ಹಿಂಡಬೇಡಿ. ಅದು ಶಾಲೆಯ ಪ್ರಯೋಗಾಲಯದ ಲೆಕ್ಕ, ಸುಟ್ಟ ಚರ್ಮಕ್ಕೆ ಹೊಂದುವುದಿಲ್ಲ.

ಹೆಸರಿನಲ್ಲಿ 'ನರ' ಇದ್ದರೂ ನರಹುಲಿಗೂ ನರಕ್ಕೂ ಸಂಬಂಧವಿಲ್ಲ. ಎಚ್‌ಪಿವಿ ಎಂಬ ವೈರಸ್ ಚರ್ಮದ ಮೇಲ್ಪದರಕ್ಕೆ ನುಗ್ಗಿ ಅಲ್ಲಿನ ಕೋಶಗಳು ಬೇಗ ಬೇಗ ಬೆಳೆಯುವಂತೆ ಮಾಡಿದಾಗ ಮೂಡುವ ಗಂಟು ಅದು. ಅದರಲ್ಲಿ ಕಾಣುವ ಕಪ್ಪು ಚುಕ್ಕೆಗಳು ಬೇರೂ ಅಲ್ಲ, ಬೀಜವೂ ಅಲ್ಲ, ರಕ್ತ ಹೆಪ್ಪುಗಟ್ಟಿದ ಸಣ್ಣ ಸಣ್ಣ ನಾಳಗಳು. ಕುತ್ತಿಗೆ, ಕಂಕುಳಲ್ಲಿ ಜೋತಾಡುವ ಮೆತ್ತನೆಯ ತುಣುಕುಗಳನ್ನೂ ನಾವು ನರಹುಲಿ ಎಂದೇ ಕರೆಯುತ್ತೇವೆ. ಅವು ಬೇರೆ, ಹರಡುವುದೂ ಇಲ್ಲ. ಫಾರ್ವರ್ಡ್‌ಗಳು ಇವೆರಡನ್ನೂ ಒಂದೇ ಚಿತ್ರದಲ್ಲಿ ತೋರಿಸಿಬಿಡುತ್ತವೆ.

ಹಾಗಾದರೆ ಬೆಳ್ಳುಳ್ಳಿ ತಿಕ್ಕಿದವರಿಗೆ, ಎಕ್ಕದ ಹಾಲು ಹಚ್ಚಿದವರಿಗೆ, ದೇವರಿಗೆ ಉಪ್ಪು-ಮೆಣಸು ಹರಕೆ ಹೇಳಿಕೊಂಡವರಿಗೆ ವಾಸಿಯಾದದ್ದು ಸುಳ್ಳೇ? ಸುಳ್ಳಲ್ಲ. ದೇಹದ ರೋಗನಿರೋಧಕ ಶಕ್ತಿ ಒಂದು ದಿನ ವೈರಸ್ಸನ್ನು ಗುರುತಿಸಿದಾಗ ನರಹುಲಿ ತಾನಾಗಿಯೇ ಒಣಗಿ ಹೋಗುತ್ತದೆ. ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ನರಹುಲಿಗಳು ಎರಡು ವರ್ಷದೊಳಗೆ ಯಾವ ಔಷಧವೂ ಇಲ್ಲದೆ ಮಾಯವಾಗುತ್ತವೆ. ಆ ಎರಡು ವರ್ಷಗಳಲ್ಲಿ ಮನೆಯವರು ನಾಲ್ಕಾರು ಮದ್ದು ಮಾಡಿರುತ್ತಾರೆ, ಕೊನೆಯದಾಗಿ ಮಾಡಿದ್ದಕ್ಕೆ ಹೆಸರು ಬರುತ್ತದೆ. ಹರಕೆಯಿಂದ ಚರ್ಮಕ್ಕೇನೂ ಹಾನಿಯಿಲ್ಲ. ಎಕ್ಕದ ಹಾಲಿನ ಬಗ್ಗೆ ಹಾಗೆ ಹೇಳಲಾಗದು, ಕಣ್ಣಿಗೆ ಬಿದ್ದರಂತೂ ಅಪಾಯ.

ಬೆರಳ ನರಹುಲಿಯನ್ನು ಕಚ್ಚುವ, ಉಗುರು ಕಡಿಯುವ ಮಕ್ಕಳಲ್ಲಿ ವೈರಸ್ ತುಟಿಗೂ ದಾಟುತ್ತದೆ. ಗಂಡಸರಲ್ಲಿ ರೇಜರ್‌ನಿಂದ ಮುಖದ ತುಂಬ ಹರಡಬಹುದು. ಔಷಧ ಅಂಗಡಿಯಲ್ಲಿ ಸಿಗುವ ಸ್ಯಾಲಿಸಿಲಿಕ್ ಆಸಿಡ್ ದ್ರಾವಣ ಕೈಕಾಲಿನ ನರಹುಲಿಗೆ ಒಳ್ಳೆಯ ಮದ್ದೇ, ಆದರೆ ಮುಖಕ್ಕೂ ತುಟಿಗೂ ಅದನ್ನು ಹಚ್ಚುವಂತಿಲ್ಲ. ತುಟಿಯ ಮೇಲಿನದಕ್ಕೆ ಚರ್ಮವೈದ್ಯರು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕವನ್ನು ಎಚ್ಚರದಿಂದ ಮುಟ್ಟಿಸಿ ಹೆಪ್ಪುಗಟ್ಟಿಸುತ್ತಾರೆ, ಇಲ್ಲವೇ ವಿದ್ಯುತ್ ಶಾಖದಿಂದ ತೆಗೆಯುತ್ತಾರೆ. ಮತ್ತೆ ಬರುವುದೂ ಉಂಟು.

ತುಟಿಯ ಮೇಲೆ ಎದ್ದದ್ದೆಲ್ಲ ನರಹುಲಿ ಅಲ್ಲ ಎಂಬುದನ್ನೂ ಹೇಳಬೇಕು. ಜ್ವರ ಬಂದಾಗ ಗೊಂಚಲಾಗಿ ಎದ್ದು, ಉರಿದು, ಒಡೆದು, ಹಕ್ಕಳೆಗಟ್ಟಿ ಹತ್ತು ದಿನದ ಆಸುಪಾಸಿನಲ್ಲಿ ಹೋಗುವ ಗುಳ್ಳೆಗಳಿಗೆ ಕಾರಣ ಹರ್ಪಿಸ್ ಎಂಬ ಬೇರೆ ವೈರಸ್. 'ರಾತ್ರಿ ಹಲ್ಲಿಯೋ ಜೇಡವೋ ಹರಿದಿರಬೇಕು' ಎಂದು ಮನೆಯ ಹಿರಿಯರು ಹೇಳುವುದು ಹೆಚ್ಚಾಗಿ ಇದಕ್ಕೇ. ತುಟಿಯಂಚಿನಲ್ಲಿ ಸಾಲಾಗಿ ಕಾಣುವ, ನೋವಿಲ್ಲದ ಹಳದಿ ಮಿಶ್ರಿತ ಬಿಳಿ ಚುಕ್ಕೆಗಳು ಎಣ್ಣೆಗ್ರಂಥಿಗಳು, ಅವು ರೋಗವೇ ಅಲ್ಲ.

ಸಿಪ್ಪೆ ಏಳುವುದಕ್ಕಂತೂ ಬಹುತೇಕ ಸಲ ವೈರಸ್ ಬೇಕಿಲ್ಲ, ನಮ್ಮ ನಾಲಿಗೆಯೇ ಸಾಕು. ಒಣಗಿತೆಂದು ತುಟಿ ನೆಕ್ಕುತ್ತೇವೆ. ಎಂಜಲು ಆರುವಾಗ ಇದ್ದ ತೇವವನ್ನೂ ಕೊಂಡೊಯ್ಯುತ್ತದೆ. ತುಟಿ ಇನ್ನಷ್ಟು ಒಣಗುತ್ತದೆ, ಮತ್ತೆ ನೆಕ್ಕುತ್ತೇವೆ. ಸಿಪ್ಪೆ ಕೀಳುವವರು ಈ ಚಕ್ರಕ್ಕೆ ಗಾಯವನ್ನೂ ಸೇರಿಸುತ್ತಾರೆ. ಪುದೀನ, ದಾಲ್ಚಿನ್ನಿ ಪರಿಮಳದ ಟೂತ್‌ಪೇಸ್ಟ್, ಮೆಂಥಾಲ್ ಹಾಕಿದ ಲಿಪ್ ಬಾಮ್ ಕೂಡ ಕೆಲವರಿಗೆ ಒಗ್ಗುವುದಿಲ್ಲ. ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ, ಬೆಣ್ಣೆ ಅಥವಾ ತುಪ್ಪ ಹಚ್ಚಿ ಎರಡು ವಾರ ನೆಕ್ಕದೆ ಇದ್ದು ನೋಡಿ. ಕಟಬಾಯಿಯಲ್ಲಿ ಮಾತ್ರ ಬಿರುಕು ಬಿಟ್ಟಿದ್ದರೆ ಫಂಗಸ್ ಸೋಂಕು, ಕಬ್ಬಿಣ ಅಥವಾ ಬಿ ಗುಂಪಿನ ವಿಟಮಿನ್ ಕೊರತೆ ಇರಬಹುದು, ಪರೀಕ್ಷೆ ಮಾಡಿಸಬೇಕು.

ಇನ್ನು ಕ್ಯಾನ್ಸರ್ ಭಯ. 'ಎಚ್‌ಪಿವಿ' ಎಂದು ಗೂಗಲ್ ಮಾಡಿದೊಡನೆ ಗರ್ಭಕೊರಳಿನ ಕ್ಯಾನ್ಸರ್ ಎದುರಾಗುವುದರಿಂದ ಕೈಮೇಲೆ ನರಹುಲಿ ಇರುವವರೂ ಬೆಚ್ಚುತ್ತಾರೆ. ಈ ಕುಟುಂಬದಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕೈಯ ಸಾಮಾನ್ಯ ನರಹುಲಿಗೆ ಹೆಚ್ಚಾಗಿ 2, 4ನೇ ಬಗೆಗಳು ಕಾರಣ. ಗರ್ಭಕೊರಳಿನ ಕ್ಯಾನ್ಸರ್‌ಗೆ ಮುಖ್ಯವಾಗಿ 16 ಮತ್ತು 18. ಈ ಸಂಬಂಧವನ್ನು ತೋರಿಸಿಕೊಟ್ಟ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಕೈಯ ನರಹುಲಿ ಬೆಳೆದು ಆ ಕ್ಯಾನ್ಸರ್ ಆಗುವುದಿಲ್ಲ.

ನಮ್ಮಲ್ಲಿ ತುಟಿಯ ವಿಷಯದಲ್ಲಿ ಹೆದರಬೇಕಾದದ್ದು ಬೇರೆಯೇ ಇದೆ. ಕೆಳತುಟಿಯ ಸಂದಿನಲ್ಲಿ ಹೊಗೆಸೊಪ್ಪು-ಸುಣ್ಣ ಇಟ್ಟುಕೊಳ್ಳುವವರಿಗೆ ಅದೇ ಜಾಗದಲ್ಲಿ ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಗಟ್ಟಿ ಗಂಟು, ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು ಕಾಣಿಸಿದರೆ ಅದನ್ನು ನರಹುಲಿ ಎಂದುಕೊಂಡು ಮನೆಮದ್ದು ಮಾಡುತ್ತ ಕೂರಬಾರದು. ದಂತವೈದ್ಯರಾದರೂ ಸರಿ, ಕಿವಿ-ಮೂಗು-ಗಂಟಲು ತಜ್ಞರಾದರೂ ಸರಿ, ಅದೇ ವಾರ ತೋರಿಸಿ. ಸುಣ್ಣ-ಸೋಡಾ ಹಚ್ಚಿ ಸುಟ್ಟುಕೊಂಡು ಹೋದರೆ ಮೊದಲು ಅಲ್ಲಿ ಏನಿತ್ತು ಎಂದು ಹೇಳುವುದು ವೈದ್ಯರಿಗೂ ಕಷ್ಟವಾಗುತ್ತದೆ.