ಸುಂಕದ ಕಟ್ಟೆಯಲ್ಲಿ ಬೀಗದ ಪೆಟ್ಟಿಗೆ

"ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ" ಎಂಬ ಗಾದೆಯನ್ನು ಕಟ್ಟಿದ ಹಿರಿಯರು ದಾರಿ ನಡೆದು ಬಲ್ಲವರೇ ಇರಬೇಕು. ನಮ್ಮ ಮನೆಯ ಮದುವೆ, ಮಗುವಿನ ಜ್ವರ, ಹೊತ್ತು ಮುಳುಗುವ ಮುನ್ನ ಊರು ಸೇರುವ ಆತುರ, ಇವಾವುವೂ ಸುಂಕದವನಿಗೆ ಬೇಡ. ಗಂಟು ಬಿಚ್ಚಿದರೆ ಸರಿ. ಬಿಚ್ಚದಿದ್ದರೆ ಪಕ್ಕಕ್ಕೆ ನಿಲ್ಲಬೇಕು. ಕೋಲಾರದ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮುಳಬಾಗಿಲಿನಾಚೆ ನಂಗಲಿಯ ಗಡಿಯಲ್ಲಿ ಲಾರಿಗಳು ತಪಾಸಣೆಗಾಗಿ ಕಾದು ನಿಲ್ಲುತ್ತಿದ್ದುದನ್ನು ಅವರು ಕಣ್ಣಾರೆ ಕಂಡವರು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಜಾರಿಗೆ ಬಂದ ಮೇಲೆ ವಾಣಿಜ್ಯ ತೆರಿಗೆಯ ಗಡಿಠಾಣೆಗಳು ಎದ್ದುಹೋದವು. ಆದರೆ ತಪಾಸಣೆಯ ಕಟ್ಟೆ ಲೋಕದಿಂದಲೇ ಮಾಯವಾಯಿತೆಂದು ಯಾರೂ ತಿಳಿಯಬೇಕಾಗಿಲ್ಲ. ಅದೀಗ ಕಂಪ್ಯೂಟರಿನ ಬಾಗಿಲಲ್ಲಿ ಬಂದು ಕುಳಿತಿದೆ. ಅಲ್ಲಿಯ ಸುಂಕದವನ ಹೆಸರು ಆಂಟಿವೈರಸ್.

ಅದೇ ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆಗೆ ಬಂದರೆ, ಕೋಲಾರಕ್ಕೂ ಹೊಸಕೋಟೆಗೂ ನಡುವೆ, ನರಸಾಪುರ ಸಿಕ್ಕುತ್ತದೆ. ಕೋಲಾರ ತಾಲ್ಲೂಕಿನ ಈ ಹೋಬಳಿ ಕೇಂದ್ರದ ಮಗ್ಗುಲಲ್ಲಿ ಇಂದು ದೊಡ್ಡ ಕೈಗಾರಿಕಾ ಪ್ರದೇಶವೊಂದು ಬೆಳೆದಿದೆ. 2013ರಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ ಇಲ್ಲಿ ಕೆಲಸ ಆರಂಭಿಸಿತು. ತೈವಾನಿನ ವಿಸ್ಟ್ರಾನ್ ಸಂಸ್ಥೆ ಕಟ್ಟಿದ ಐಫೋನ್ ಕಾರ್ಖಾನೆ 2023ರಲ್ಲಿ ಟಾಟಾದವರ ಕೈ ಸೇರಿತು. ಇಂತಹ ದೊಡ್ಡ ಕಾರ್ಖಾನೆಗಳ ಸುತ್ತ ಬಿಡಿಭಾಗ ಒದಗಿಸುವವರು, ಬಸ್ಸು ಓಡಿಸುವವರು, ಊಟ ಬಡಿಸುವವರು, ಗುತ್ತಿಗೆಯ ಮೇಲೆ ಆಳುಗಳನ್ನು ಕಳಿಸುವವರು ಎಂದು ಹತ್ತಾರು ಸಣ್ಣ ಕಚೇರಿಗಳು ಬದುಕುತ್ತವೆ. ಯಂತ್ರ ಯಾವುದೇ ಇರಲಿ, ಸರಕು ಎಂತಹುದೇ ಇರಲಿ, ಇಂತಹ ಕಚೇರಿಗಳ ಲೆಕ್ಕವೆಲ್ಲ ನಡೆಯುವುದು ಒಂದೇ ವಸ್ತುವಿನ ಮೇಲೆ: ಎಕ್ಸೆಲ್ ಹಾಳೆ.

ಇಂತಹ ಒಂದು ಕಚೇರಿಯನ್ನು ಓದುಗರು ಊಹಿಸಿಕೊಳ್ಳಲಿ. ತಿಂಗಳ ಕೊನೆ. ಗುತ್ತಿಗೆದಾರರ ಕಡೆಯ ಹೆಣ್ಣುಮಗಳೊಬ್ಬಳು ಇನ್ನೂರು ಜನರ ಹಾಜರಿ, ಹೆಚ್ಚುವರಿ ಗಂಟೆಗಳು, ಬ್ಯಾಂಕಿನ ಖಾತೆಯ ಸಂಖ್ಯೆ ಎಲ್ಲವನ್ನೂ ಒಂದು ಹಾಳೆಯಲ್ಲಿ ತುಂಬುತ್ತಾಳೆ. ಕಂಡವರ ಕಣ್ಣಿಗೆ ಬೀಳಬಾರದೆಂದು ಪಾಸ್‌ವರ್ಡು ಹಾಕಿ ಕಾರ್ಖಾನೆಗೆ ಮಿಂಚಂಚೆಯಲ್ಲಿ ಕಳಿಸುತ್ತಾಳೆ. ಮಧ್ಯಾಹ್ನ ಫೋನು ಬರುತ್ತದೆ.

"ಏನಮ್ಮಾ, ಹಾಜರಿ ಪಟ್ಟಿ ಇನ್ನೂ ಬಂದೇ ಇಲ್ಲವಲ್ಲ?"

"ಬೆಳಿಗ್ಗೇನೇ ಕಳಿಸಿದ್ದೀನಿ ಸಾರ್."

"ಏನೋ ಎರ್ರರ್ ಅಂತಿದೆ. ವೈರಸ್ ಇರೋ ಫೈಲು ಕಳಿಸಿಬಿಟ್ಟಿದ್ದೀಯೇನಮ್ಮಾ?"

ಆಕೆಯ ಮುಖ ಸಣ್ಣದಾಗುತ್ತದೆ. ಪ್ರಮಾಣವಾಗಿ ದುಡಿದವಳ ಮೇಲೆ ಸುಮ್ಮನೆ ಒಂದು ಅಪವಾದ ಬಂದು ಕೂರುತ್ತದೆ. ನಮ್ಮ ಈ ವಾರದ ಮಾತು ಈ ಅಪವಾದವನ್ನು ಕುರಿತದ್ದು.

ಮೊದಲು ಆ ಪರದೆಯ ಮೇಲಿನ ಮಾತನ್ನು ಸಾವಧಾನವಾಗಿ ಓದಬೇಕು. "ವೈರಸ್ ಸಿಕ್ಕಿದೆ" ಎನ್ನುವುದು ಒಂದು ಮಾತು. "ಈ ಫೈಲನ್ನು ತಪಾಸಣೆ ಮಾಡಲಾಗಲಿಲ್ಲ" ಎನ್ನುವುದು ಮತ್ತೊಂದು. ಮೊದಲನೆಯದು ದೂರು. ಎರಡನೆಯದು ಕೇವಲ ಕಾವಲುಗಾರನ ಪ್ರಾಮಾಣಿಕವಾದ ಅಸಹಾಯಕತೆ. "ಪೆಟ್ಟಿಗೆಗೆ ಬೀಗವಿದೆ, ಬೀಗದ ಕೈ ನನ್ನಲ್ಲಿಲ್ಲ, ಒಳಗೆ ಬಂಗಾರವಿದೆಯೋ ಬಾಂಬಿದೆಯೋ ನಾನರಿಯೆ" ಎಂದು ಅವನು ಹೇಳುತ್ತಿದ್ದಾನೆ. ಕಚೇರಿಗಳಲ್ಲಿ ನಡೆಯುವ ಜಗಳಗಳಲ್ಲಿ ಹೆಚ್ಚಿನವು ಈ ಎರಡು ಮಾತುಗಳ ವ್ಯತ್ಯಾಸವನ್ನು ಗಮನಿಸದೆ ಹುಟ್ಟುವಂತಹವು.

ಕಾವಲುಗಾರನಿಗೆ ಕಾಣದಿರಲು ಕಾರಣವೇನು? ಇಂದಿನ ಎಕ್ಸೆಲ್ ಫೈಲು ವಾಸ್ತವವಾಗಿ ಒಂದು ಗಂಟು. ಹಲವು ಸಣ್ಣ ಸಣ್ಣ ಭಾಗಗಳನ್ನು ಜಿಪ್ ಎಂಬ ವಿಧಾನದಿಂದ ಒತ್ತಿ ಕಟ್ಟಿರುತ್ತಾರೆ. ಆಂಟಿವೈರಸ್ ಆ ಗಂಟನ್ನು ಬಿಚ್ಚಿ, ಹಾಳೆಗಳಾವುವು, ಒಳಗೆ ತಾನಾಗಿ ನಡೆಯುವ ಆಜ್ಞೆಗಳು, ಅಂದರೆ ಮ್ಯಾಕ್ರೊಗಳು, ಇವೆಯೇ ಎಂದು ನೋಡುತ್ತದೆ. ತೆರೆಯಲು ಪಾಸ್‌ವರ್ಡು ಬೇಕೆಂದು ವಿಧಿಸಿದ ಕೂಡಲೇ ಗಂಟಿಗೆ ಗಂಟೇ ಗೂಢಲಿಪಿಯಾಗಿ ಮಾರ್ಪಡುತ್ತದೆ. ಈಗಿನ ಆವೃತ್ತಿಗಳು ಬಳಸುವ ಗೂಢಲಿಪಿಗೆ ಎ.ಇ.ಎಸ್. ಎಂದು ಹೆಸರು, ಬೆಲ್ಜಿಯಮ್ಮಿನ ಇಬ್ಬರು ವಿದ್ವಾಂಸರು ರಚಿಸಿದ್ದನ್ನು 2001ರಲ್ಲಿ ಅಮೆರಿಕ ಸರಕಾರ ತನ್ನ ಪ್ರಮಾಣವನ್ನಾಗಿ ಸ್ವೀಕರಿಸಿತು. ಗಟ್ಟಿಯಾದ ಪಾಸ್‌ವರ್ಡಿದ್ದರೆ ಅದನ್ನು ಊಹಿಸಿ ತೆರೆಯುವುದು ಕಳ್ಳನಿಗೂ ಆಗದ ಮಾತು, ಕಾವಲುಗಾರನಿಗೂ ಆಗದ ಮಾತು. ಬೀಗಕ್ಕೆ ಮುಖ ನೋಡಿ ತೆರೆಯುವ ಬುದ್ಧಿಯಿಲ್ಲವಷ್ಟೆ!

ಮೂರು ಬಗೆಯ ಬೀಗ

ಇನ್ನೊಂದು ಗೊಂದಲವುಂಟು. ಎಕ್ಸೆಲ್‌ನಲ್ಲಿ "ರಕ್ಷಣೆ" ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಸಂಗತಿಗಳಿವೆ. ಒಂದು, ಫೈಲನ್ನು ತೆರೆಯಲು ಪಾಸ್‌ವರ್ಡು. ಇದು ನಿಜವಾದ ಬೀಗ. ಎರಡು, ಹಾಳೆಯ ರಕ್ಷಣೆ. ಇದು ಮನೆಯಂಗಳದಲ್ಲಿ "ಹೂ ಕೀಳಬೇಡಿ" ಎಂದು ಬರೆದು ನಿಲ್ಲಿಸಿದ ಹಲಗೆಯಿದ್ದಂತೆ. ಸೂತ್ರಗಳನ್ನು ಯಾರೂ ಕೈತಪ್ಪಿ ಅಳಿಸದಿರಲೆಂದು ಮಾಡಿದ ಏರ್ಪಾಡು. ಒಳಗಿನ ಅಂಕಿಗಳೇನೂ ಗೂಢಲಿಪಿಯಾಗುವುದಿಲ್ಲ, ಬಲ್ಲವರು ನಿಮಿಷದಲ್ಲಿ ಹಲಗೆಯನ್ನು ಕಿತ್ತಿಡಬಲ್ಲರು. ಇದು ಭದ್ರತೆಗಾಗಿ ಮಾಡಿದ್ದಲ್ಲವೆಂದು ಮೈಕ್ರೋಸಾಫ್ಟ್‌ನವರೇ ಹೇಳುತ್ತಾರೆ. ಮೂರು, ಪುಸ್ತಕದ ರಚನೆಯ ರಕ್ಷಣೆ. ಹಾಳೆಗಳನ್ನು ಸೇರಿಸಬಾರದು, ತೆಗೆಯಬಾರದು, ಬಚ್ಚಿಟ್ಟ ಹಾಳೆಯನ್ನು ಹೊರತೆಗೆಯಬಾರದು ಎನ್ನುವ ಕಟ್ಟಳೆ.

ಈ ಮೂರನೆಯದರಲ್ಲಿ ಒಂದು ವಿಚಿತ್ರ ಅಡಗಿದೆ. "ನಾನು ತೆರೆಯಲು ಪಾಸ್‌ವರ್ಡೇ ಹಾಕಿಲ್ಲ, ಎರಡು ಸಲ ಒತ್ತಿದರೆ ಸಲೀಸಾಗಿ ತೆರೆಯುತ್ತದೆ, ಆದರೂ ತಪಾಸಣೆ ಆಗಲಿಲ್ಲ ಎನ್ನುತ್ತದಲ್ಲ!" ಎಂದು ಕೆಲವರು ಬೆರಗಾಗುವುದುಂಟು. ಎಕ್ಸ್.ಎಲ್.ಎಸ್. ಎಂಬ ಹಳೆಯ ನಮೂನೆಯಲ್ಲಿ ಪುಸ್ತಕದ ರಚನೆಗೆ ರಕ್ಷಣೆ ಹಾಕಿದರೆ, ಎಕ್ಸೆಲ್ ತಾನೇ ಒಂದು ಗುಟ್ಟಿನ ಪಾಸ್‌ವರ್ಡನ್ನು ಬಳಸಿ ಫೈಲನ್ನು ಗೂಢಲಿಪಿಗೆ ತಿರುಗಿಸುತ್ತದೆ. ತೆರೆಯುವಾಗ ಯಾರನ್ನೂ ಕೇಳದೆ ತಾನೇ ಆ ಕೀಲಿಯನ್ನು ಹಾಕಿ ನೋಡುತ್ತದೆ. ಆ ಪದ "ವೆಲ್ವೆಟ್ ಸ್ವೆಟ್‌ಶಾಪ್". ಕನ್ನಡದಲ್ಲಿ ಹೇಳುವುದಾದರೆ, ಮಖಮಲ್ಲು ಹಾಸಿದ ಜೀತದ ಕೊಟ್ಟಡಿ! ಮೈಕ್ರೋಸಾಫ್ಟ್ ಸಂಸ್ಥೆಗೇ ಹಿಂದೆ ಅಂಟಿಕೊಂಡಿದ್ದ ಅಡ್ಡಹೆಸರಿದು. ಲೋಕಕ್ಕೆಲ್ಲ ತಿಳಿದ ಈ ಗುಟ್ಟನ್ನು ಅರಿತ ಆಂಟಿವೈರಸ್ ಪೆಟ್ಟಿಗೆಯನ್ನು ತೆರೆದು ನೋಡುತ್ತದೆ. ಅರಿಯದ್ದು ಅಡ್ಡಗಟ್ಟಿ ನಿಲ್ಲಿಸುತ್ತದೆ. ಇಂತಹ ಸಂದರ್ಭದಲ್ಲಿ ರಚನೆಯ ರಕ್ಷಣೆಯನ್ನು ತೆಗೆದು, ಹೊಸ ನಮೂನೆಯಲ್ಲಿ ಉಳಿಸಿ ಕಳಿಸಿದರೆ ತೊಂದರೆ ಬಹುಮಟ್ಟಿಗೆ ನೀಗುತ್ತದೆ.

ಕಳ್ಳನೂ ಬೀಗ ಹಾಕುತ್ತಾನೆ

"ಬೀಗ ಹಾಕುವವರು ಸಭ್ಯರು, ಅವರನ್ನೇಕೆ ತಡೆಯಬೇಕು?" ಎಂದು ಕೇಳಬಹುದು. ಬೀಗದ ಉಪಯೋಗವನ್ನು ಸಭ್ಯರಿಗಿಂತ ಮೊದಲು ಅಸಭ್ಯರು ಕಂಡುಕೊಳ್ಳುವುದು ಲೋಕರೂಢಿ. ಎಕ್ಸೆಲ್ ಹಾಳೆಯೊಳಗೆ ಮ್ಯಾಕ್ರೊ ರೂಪದಲ್ಲಿ ಸಂಸಾರ ಹೂಡಿದ ಮೊದಲ ವೈರಸ್ "ಲಾರೂ" ಕಾಣಿಸಿಕೊಂಡದ್ದು 1996ರಲ್ಲಿ. ಆಗ ಅದು ಬಯಲಿನಲ್ಲೇ ಓಡಾಡುತ್ತಿತ್ತು. 2004ರಲ್ಲಿ "ಬೇಗಲ್" ಎಂಬ ಪಿಡುಗು ಬಂದಾಗ ಅದರ ಕರ್ತೃಗಳು ಹೊಸ ಉಪಾಯ ಹೂಡಿದರು: ವೈರಸ್ಸನ್ನು ಪಾಸ್‌ವರ್ಡಿನ ಗಂಟಿನಲ್ಲಿ ಕಟ್ಟಿ, ಪಾಸ್‌ವರ್ಡನ್ನು ಪತ್ರದಲ್ಲೇ ಬರೆದು ಕಳಿಸಿದರು. ಆಂಟಿವೈರಸ್ಸಿನವರು ಪತ್ರವನ್ನೋದಿ ಪಾಸ್‌ವರ್ಡನ್ನು ಹೆಕ್ಕಿ ಗಂಟು ಬಿಚ್ಚತೊಡಗಿದರು. ಆಗ ಕಳ್ಳರು ಪಾಸ್‌ವರ್ಡನ್ನು ಅಕ್ಷರದಲ್ಲಿ ಬರೆಯದೆ ಚಿತ್ರವಾಗಿಸಿ ಕಳಿಸಿದರು! ಮೇಲೆ ಹೇಳಿದ ಮಖಮಲ್ಲಿನ ಗುಟ್ಟನ್ನು ಬಳಸಿ ದುಷ್ಟ ಹಾಳೆಗಳನ್ನು ಸಾಗಿಸಿದ್ದು 2020ರಲ್ಲಿಯೂ ಬೆಳಕಿಗೆ ಬಂದಿತು. ಆದುದರಿಂದ ಬೀಗದ ಪೆಟ್ಟಿಗೆಯನ್ನು ಕಂಡು ಸುಂಕದವನು ಹುಬ್ಬು ಗಂಟಿಕ್ಕಿದರೆ ಅವನ ಮೇಲೆ ಸಿಡುಕುವುದು ನ್ಯಾಯವಲ್ಲ.

ಈ ತೊಡಕಿಗೆ ಅವಸರದ ಮಂದಿ ಎರಡು ಪರಿಹಾರಗಳನ್ನು ಸೂಚಿಸುತ್ತಾರೆ. ಎರಡೂ ಅಪಾಯಕರ.

ಒಂದು: "ಆಂಟಿವೈರಸ್ಸನ್ನು ಸ್ವಲ್ಪ ಹೊತ್ತು ಆರಿಸಿಬಿಡಿ." ಇಲಿಯ ಕಾಟಕ್ಕೆ ಬೆಕ್ಕನ್ನು ಓಡಿಸಿದಂತೆ ಇದು. ಆ ಸ್ವಲ್ಪ ಹೊತ್ತು ಸಂಜೆಯಾಗುತ್ತದೆ, ವಾರವಾಗುತ್ತದೆ; ಮತ್ತೆ ಹೊತ್ತಿಸುವವರು ಯಾರೂ ಇರುವುದಿಲ್ಲ. ಎಕ್ಸೆಲ್ ಫೈಲುಗಳನ್ನೆಲ್ಲ ತಪಾಸಣೆಯಿಂದ ಬಿಡುಗಡೆ ಮಾಡುವುದೂ ಇದೇ ಜಾತಿಯ ಬುದ್ಧಿವಂತಿಕೆ.

ಎರಡು: "ಬೀಗವನ್ನೇ ತೆಗೆದು ಕಳಿಸಿ, ಬೇಕಾದರೆ ಗುಟ್ಟಿನ ಹಾಳೆಯನ್ನು ಬಚ್ಚಿಡಿ." ಬಚ್ಚಿಟ್ಟದ್ದು ಬೀಗದೊಳಗಿಟ್ಟಂತಾಗುವುದಿಲ್ಲ ಎಂಬ ಪಾಠವನ್ನು 2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆ ಕಷ್ಟಪಟ್ಟು ಕಲಿಯಿತು. ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರವಾಗಿ ಇಲಾಖೆ ಕೊಟ್ಟ ಲೆಕ್ಕದ ಪುಸ್ತಕದಲ್ಲಿ ಒಂದು ಮರೆಯ ಹಾಳೆ ಉಳಿದುಹೋಗಿತ್ತು. 9,400ಕ್ಕೂ ಹೆಚ್ಚು ಅಧಿಕಾರಿಗಳ ಹಾಗೂ ಸಿಬ್ಬಂದಿಯ ವಿವರಗಳು ಬಹಿರಂಗವಾದವು. ಪೊಲೀಸರಿಗೆ ಪ್ರಾಣಭಯವಿರುವ ನಾಡದು. ಮರುವರ್ಷ ಇಲಾಖೆಗೆ 7,50,000 ಪೌಂಡು ದಂಡ ಬಿದ್ದಿತು.

ನರಸಾಪುರದ ಹಾಜರಿ ಪಟ್ಟಿಗೂ ಇದಕ್ಕೂ ಏನು ಸಂಬಂಧವೆನ್ನಬೇಡಿ. ಇನ್ನೂರು ಮನೆಗಳ ಖಾತೆ ಸಂಖ್ಯೆ, ಫೋನು ಸಂಖ್ಯೆ, ಆಧಾರ್ ಸಂಖ್ಯೆ ಒಂದೇ ಹಾಳೆಯಲ್ಲಿ ಸಿಕ್ಕುವುದಾದರೆ ವಂಚಕನಿಗೆ ಬೇರೆ ಸುಗ್ಗಿ ಬೇಕೆ? ಹಾಗೆಂದು ಪಟ್ಟಿ ಕಟ್ಟೆಯಲ್ಲೇ ಕೊಳೆಯುತ್ತ ಬಿದ್ದರೂ ಆಗದು. ತಿಂಗಳ ಸಂಬಳ ಮುಂದಿನ ತಿಂಗಳ 7ನೆಯ ದಿನ ಮುಗಿಯುವುದರೊಳಗೆ ಕೈ ಸೇರಬೇಕೆಂದು 2019ರ ವೇತನ ಸಂಹಿತೆ ಹೇಳುತ್ತದೆ. ಸಂಬಳದ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದನ್ನು ನರಸಾಪುರ ಮರೆತಿಲ್ಲ. 2020ರ ಡಿಸೆಂಬರ್ 12ರಂದು ವಿಸ್ಟ್ರಾನ್ ಕಾರ್ಖಾನೆಯಲ್ಲಿ ವೇತನದ ದೂರುಗಳು ಗಲಭೆಯಾಗಿ ಸಿಡಿದವು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲದಲ್ಲಿ ವೇತನ ಸಂದಿರಲಿಲ್ಲವೆಂದು ಸಂಸ್ಥೆಯೇ ಒಪ್ಪಿಕೊಂಡು ಕ್ಷಮೆ ಬೇಡಿತು. ಅದಕ್ಕೆ ಪಾಸ್‌ವರ್ಡು ಕಾರಣವಾಗಿರಲಿಲ್ಲ, ನಿಜ. ಆದರೆ ಹಾಜರಿಯ ಹಾಳೆಯಲ್ಲಿನ ಒಂದೊಂದು ಮನೆಯೂ ಯಾರದೋ ಒಲೆಯ ಮೇಲಿನ ಅನ್ನವೆಂಬುದನ್ನು ತಿಳಿಯಲು ಆ ದಿನ ಸಾಕು. ಹಾಳೆ ಗುಟ್ಟಾಗಿಯೂ ಇರಬೇಕು, ಹೊತ್ತಿಗೆ ಸರಿಯಾಗಿ ತಲುಪಲೂ ಬೇಕು. ಎರಡರಲ್ಲಿ ಒಂದನ್ನು ಬಿಡುವಂತಿಲ್ಲ.

ಹಾಗಾದರೆ ದಾರಿ?

ಕಳಿಸುವವರು ಮಾಡಬೇಕಾದುದಿಷ್ಟು. ಪೆಟ್ಟಿಗೆ ಬರುತ್ತಿದೆಯೆಂದು ಮುಂಚೆಯೇ ತಿಳಿಸಿ. ಪಾಸ್‌ವರ್ಡನ್ನು ಅದೇ ಪತ್ರದಲ್ಲಿ ಬರೆಯಬೇಡಿ; ಬೀಗದ ಕೈಯನ್ನು ಬೀಗಕ್ಕೇ ಕಟ್ಟಿ ಕಳಿಸುವವರುಂಟೆ? ಫೋನಿನಲ್ಲಿ ಹೇಳಿ. ಆ ಪಾಸ್‌ವರ್ಡನ್ನು ಕಚೇರಿಯಲ್ಲಿ ಜವಾಬ್ದಾರರಾದ ಇನ್ನೊಬ್ಬರೂ ಬಲ್ಲವರಾಗಿರಲಿ. ಮರೆತರೆ ಆ ಫೈಲು ಒಡೆಯನಿಗೂ ದಕ್ಕದು. ಅಗತ್ಯವಿಲ್ಲದ ಮ್ಯಾಕ್ರೊಗಳನ್ನು ತೆಗೆದುಹಾಕಿ. ಪ್ರತಿ ತಿಂಗಳೂ ನಡೆಯುವ ವ್ಯವಹಾರವಾದರೆ ಪೆಟ್ಟಿಗೆಯ ಸಾಗಾಟವನ್ನೇ ಬಿಟ್ಟು, ಎರಡೂ ಕಚೇರಿಗಳು ಒಪ್ಪಿದ ಹಂಚಿಕೆಯ ಕಡತಕೋಣೆಯೊಂದನ್ನು ಏರ್ಪಡಿಸಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಅಲ್ಲಿ ಬೀಗವಿರುವುದು ಕೋಣೆಯ ಬಾಗಿಲಿಗೆ, ಹೆಸರು ಗೊತ್ತಿರುವವರಿಗೆ ಮಾತ್ರ ಪ್ರವೇಶ; ಒಳಗಿನ ಹಾಳೆಯನ್ನು ಕಾವಲುಗಾರ ನಿರಾತಂಕವಾಗಿ ನೋಡಬಲ್ಲ.

ಪಡೆಯುವವರಿಗೂ ಕರ್ತವ್ಯವುಂಟು. "ತಪಾಸಣೆಯಾಗಲಿಲ್ಲ" ಎಂದು ಕಂಡರೆ ಮೊದಲು ಕಳಿಸಿದವರಿಗೆ ಫೋನು ಮಾಡಿ. ಪತ್ರದಲ್ಲಿ ಬರೆದಿರುವ ಸಂಖ್ಯೆಗೆ ಬೇಡ, ನಿಮ್ಮಲ್ಲಿ ಮೊದಲಿನಿಂದ ಇರುವ ಸಂಖ್ಯೆಗೆ. ಅವರೇ ಕಳಿಸಿದ್ದೆಂದು ಖಾತ್ರಿಯಾದ ಮೇಲೆ ಕಚೇರಿಯ ಕಂಪ್ಯೂಟರು ನೋಡಿಕೊಳ್ಳುವವರ ಮೂಲಕ ಆ ಒಂದು ಫೈಲನ್ನು ಬಿಡಿಸಿಕೊಳ್ಳಿ. ತೆರೆದಾಗ "ಪ್ರೊಟೆಕ್ಟೆಡ್ ವ್ಯೂ" ಎಂಬ ಹಳದಿ ಪಟ್ಟಿ ಬಂದರೆ ಅದರಲ್ಲಿಯೇ ಓದಿ. "ಎನೇಬಲ್ ಕಂಟೆಂಟ್" ಎಂಬ ಗುಂಡಿ ಕಂಡರೆ ಬೆರಳನ್ನು ತಡೆಯಿರಿ. ಹಾಜರಿಯ ಹಾಳೆಗೆ ಮ್ಯಾಕ್ರೊಗಳಿಂದ ಆಗಬೇಕಾದ್ದೇನು? ಹೊರಗಿನಿಂದ ಬಂದ ಫೈಲುಗಳ ಮ್ಯಾಕ್ರೊಗಳನ್ನು ಮೈಕ್ರೋಸಾಫ್ಟ್‌ನವರೂ 2022ರಿಂದ ತಾವಾಗಿಯೇ ತಡೆಯುತ್ತಿದ್ದಾರೆ. ಬೀಗ ತೆರೆದು ಪ್ರತಿಯೊಂದನ್ನು ಉಳಿಸಿಕೊಂಡ ಮೇಲೆ ಆ ಪ್ರತಿಯನ್ನು ಮತ್ತೊಮ್ಮೆ ತಪಾಸಣೆಗೆ ಒಡ್ಡಿ. ಊರಬಾಗಿಲ ಕಾವಲುಗಾರನಿಗೆ ಕಾಣದ್ದು ಮನೆಬಾಗಿಲ ಕಾವಲುಗಾರನಿಗೆ ಈಗ ಕಾಣುತ್ತದೆ. ಅಷ್ಟರಲ್ಲಿ ಏನಾದರೂ ಎಡವಟ್ಟಾದರೆ ಯಂತ್ರವನ್ನು ಜಾಲದಿಂದ ಕಳಚಿ, ತಿಳಿದವರಿಗೆ ಕೂಡಲೇ ತಿಳಿಸಬೇಕು. ಇಂತಹ ಘಟನೆಗಳನ್ನು ಸಂಸ್ಥೆಗಳು ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರಕಾರದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ವಿಧಿಸಿದೆ. ಹಣವೇ ಹೋಗಿದ್ದರೆ 1930ಕ್ಕೆ ಕರೆ ಮಾಡಲು ತಡಮಾಡಕೂಡದು.

ಇಷ್ಟೆಲ್ಲ ಮಾಡಲು ಹಿಡಿಯುವುದು ಐದು ನಿಮಿಷ. ಅದರಲ್ಲಿ ಎರಡು ನಿಮಿಷ ಫೋನಿನಲ್ಲಿ ಕುಶಲಪ್ರಶ್ನೆಗೆ ಹೋಗುತ್ತದೆ. ಹೋಗಲಿ, ಅದೂ ನಷ್ಟವಲ್ಲ. ಪರಸ್ಪರ ದನಿ ಕೇಳಿ ಗುರುತು ಹಿಡಿಯುವ ಜನರ ನಡುವೆ ಕಳ್ಳನ ಪತ್ರ ಬೇಗ ಸಿಕ್ಕಿಬೀಳುತ್ತದೆ. ಬೀಗ ಹಾಕಿದವಳನ್ನು ಕಳ್ಳಿಯೆನ್ನದೆ, ತಡೆದ ಕಾವಲುಗಾರನನ್ನು ಮೂರ್ಖನೆನ್ನದೆ, ಇಬ್ಬರ ನಡುವೆ ಕೀಲಿಯನ್ನು ದಾಟಿಸುವ ನಂಬುಗೆಯ ಕೈಯೊಂದಿದ್ದರೆ ಪೆಟ್ಟಿಗೆ ಕಟ್ಟೆಯನ್ನು ದಾಟುತ್ತದೆ. ಇನ್ನೂರು ಮನೆಗಳ ಸಂಬಳವೂ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತದೆ.