ಬಾಗೇವಾಡಿಯಿಂದ ಕಡಲಿಗೆ: ಪ್ರವಾಸಿಯ ಮೇಲಿರುವ ಋಣ

ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿ ತನ್ನ ಬೆಳೆಯನ್ನು ಹೆಸರಿನಲ್ಲೇ ಹೊತ್ತ ಊರು. ಕಬ್ಬಿನ ಹಂಗಾಮು ಮುಗಿದು ಮಕ್ಕಳ ಪರೀಕ್ಷೆಗಳು ಕಳೆದವೆಂದರೆ ಇಂತಹ ಊರುಗಳಿಂದ ಸಂಸಾರ ಸಮೇತ ಕಡಲ ಕಡೆಗೆ ಹೊರಡುವ ಕಾರುಗಳಿಗೆ ಲೆಕ್ಕವಿಲ್ಲ. ಹಿಂದೆ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೊರಟವರು ಬಸ್ಸಿನ ವೇಳೆಗೆ ತಮ್ಮ ವೇಳೆಯನ್ನು ಹೊಂದಿಸಿಕೊಳ್ಳುತ್ತಿದ್ದರು. ಇಂದು ಸ್ವಂತ ಕಾರಿಲ್ಲದವರಿಗೂ ನಗರದಲ್ಲಿ ದಿನದ ಬಾಡಿಗೆಗೆ ಕಾರು ದೊರೆಯುತ್ತದೆ, ಚಾಲಕನ ಹಂಗೂ ಇರುವುದಿಲ್ಲ. ಬೇಕೆಂದಲ್ಲಿ ನಿಲ್ಲುವ, ಬೇಡವೆಂದಲ್ಲಿ ಮುಂದೆ ಸಾಗುವ ಈ ಸ್ವಾತಂತ್ರ್ಯವನ್ನು ಹಳಿಯಬೇಕಾಗಿಲ್ಲ. ನಾಡನ್ನು ಕಣ್ಣಾರೆ ಕಾಣುವ ಹಕ್ಕು ಬಯಲುಸೀಮೆಯ ರೈತನಿಗೂ ಇದೆ. ಆದರೆ ಆ ಸ್ವಾತಂತ್ರ್ಯದ ಬೆಲೆಯನ್ನು ದಾರಿಯುದ್ದಕ್ಕೂ ಯಾರು ತೆರುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವ ಕಾಲ ಬಂದಿದೆ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯಂತೆ ಪ್ರವಾಸಿಯ ಕಣ್ಣಿಗೆ ಮನೆಯ ಹತ್ತಿರದ ಸೊಬಗು ಬೀಳುವುದು ಕಡಿಮೆ. ಬಾಗೇವಾಡಿಗೆ ಸಮೀಪದಲ್ಲೇ ಹುಕ್ಕೇರಿಯ ಆದಿಲ್‌ಶಾಹಿ ಕಾಲದ ಗುಮ್ಮಟಗಳಿವೆ. ಘಟಪ್ರಭಾ ನದಿ 52 ಮೀಟರ್ ಎತ್ತರದಿಂದ ಕುದುರೆಲಾಳದ ಆಕಾರದಲ್ಲಿ ಧುಮುಕುವ ಗೋಕಾಕ ಜಲಪಾತವಿದೆ, ಅದರ ದಂಡೆಯಲ್ಲಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇಗುಲವಿದೆ. ಧೂಪದಾಳದ ಒಡ್ಡಿನ ಹಿಂದೆ ನಿಂತ ನೀರು 1974ರಲ್ಲಿ ಘಟಪ್ರಭಾ ಪಕ್ಷಿಧಾಮವೆಂದು ಘೋಷಿತವಾಯಿತು. ಚಳಿಗಾಲದಲ್ಲಿ ಸಾವಿರಾರು ಮೈಲು ಹಾರಿಬರುವ ಕ್ರೌಂಚಗಳು ಇಲ್ಲಿ ಇಳಿಯುತ್ತವೆ. ಇವೆಲ್ಲವನ್ನೂ ಬಿಟ್ಟು ಕಾರು ಹತ್ತರಗಿಯ ಬಳಿ ಹೆದ್ದಾರಿ ಸೇರಿ ಬೆಳಗಾವಿಯತ್ತ ಓಡುತ್ತದೆ.

ಓಡಲಿ. ಆದರೆ ಅದು ಓಡುವುದು ಕೇವಲ ನೋಟದ ಕಡೆಗಲ್ಲ, ನೀರಿನ ಮೂಲದ ಕಡೆಗೆ ಎಂಬ ಅರಿವು ಚಾಲಕನಿಗಿರಬೇಕು. ಬಾಗೇವಾಡಿ ಸುತ್ತಲಿನ ಕಬ್ಬಿನ ಗದ್ದೆಗಳನ್ನು ತಣಿಸುವ ಘಟಪ್ರಭೆ ಹುಟ್ಟುವುದು ಸಹ್ಯಾದ್ರಿಯಲ್ಲಿ. ಸುಮಾರು 51 ಟಿಎಂಸಿ ನೀರು ಹಿಡಿಯುವ ಹಿಡಕಲ್ ಜಲಾಶಯ ತುಂಬುವುದು ಘಟ್ಟದ ಮಳೆಯಿಂದ. ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ಮುಂಗಾರಿನ ಮಳೆಯನ್ನು ಹೀರಿ, ಹಿಡಿದಿಟ್ಟು, ಬೇಸಿಗೆಯವರೆಗೆ ತೊಟ್ಟು ತೊಟ್ಟಾಗಿ ಬಿಡುವುದು ಕಾಡಿನ ಮಣ್ಣು. ಆದ್ದರಿಂದ ಬಯಲುಸೀಮೆಯ ಪ್ರವಾಸಿ ಘಟ್ಟಕ್ಕೆ ಬರಿಯ ಅತಿಥಿಯಲ್ಲ, ಅವನು ಆ ಕಾಡಿಗೆ ಋಣಿ.

ಬೆಳಗಾವಿ ದಾಟಿ ಖಾನಾಪುರ ಸೇರಿದರೆ ದಾರಿಯ ಸ್ವರೂಪವೇ ಬದಲಾಗುತ್ತದೆ. ಬೆಳಗಾವಿಯ ಕೋಟೆಯೊಳಗೆ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಕಮಲಬಸದಿ ಇದೆ. ಖಾನಾಪುರದ ಹಲಸಿ ಕದಂಬರ ಎರಡನೆಯ ರಾಜಧಾನಿಯಾಗಿದ್ದ ಊರು. ಅಲ್ಲಿನ ಭೂವರಾಹ ನರಸಿಂಹ ದೇವಾಲಯದ ಅಂಗಳದಲ್ಲಿ ಅರ್ಧ ತಾಸು ಕೂತವರಿಗೆ ವೇಗದ ಹುಚ್ಚು ತಾನಾಗಿಯೇ ಇಳಿಯಬೇಕು. ಅಲ್ಲಿಂದ ಆಚೆಗಿನದು ಭೀಮಗಡದ ಕಾಡು. 2011ರಲ್ಲಿ ವನ್ಯಜೀವಿಧಾಮವಾದ ಈ ನೆಲದ ಬಾರಾಪೇಡೆ ಗುಹೆಗಳು ಜಗತ್ತಿನಲ್ಲೇ ಅತಿ ವಿರಳವಾದ ಒಂದು ಬಾವಲಿ ಜಾತಿಯ ನೆಲೆ.

ಲೋಂಡಾ, ರಾಮನಗರ, ಜೋಯಿಡಾ ಹಾದು ಅಣಶಿ ಘಟ್ಟ ಇಳಿದರೆ ಕದ್ರಾದ ಮೂಲಕ ಕಾರವಾರ. ಈ ದಾರಿಯ ಬಹುಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಮಗ್ಗುಲಲ್ಲೋ ಒಡಲಲ್ಲೋ ಸಾಗುತ್ತದೆ. 2007ರಲ್ಲಿ ದಾಂಡೇಲಿ-ಅಣಶಿ ಎಂಬ ಹೆಸರಿನಲ್ಲಿ ಆರಂಭವಾದ ಇದಕ್ಕೆ 2015ರಲ್ಲಿ ನದಿಯ ಹೆಸರನ್ನೇ ಇಡಲಾಯಿತು. ಹುಲಿಯನ್ನೋ ಕರಿಚಿರತೆಯನ್ನೋ ಕಾಣುವ ಆಸೆಯಿಂದ ಬರುವ ಪ್ರವಾಸಿ ತನ್ನ ಚಕ್ರದಡಿ ಸಿಕ್ಕ ಕಪ್ಪೆ, ಹಾವು, ಪುನುಗಿನ ಬೆಕ್ಕುಗಳನ್ನು ಕಾಣುವುದಿಲ್ಲ. ಮೊದಲ ಮಳೆಯ ರಾತ್ರಿ ಮೊಟ್ಟೆಯಿಡಲು ನೀರು ಹುಡುಕಿ ಹೊರಟ ಕಪ್ಪೆಗೆ ಡಾಂಬರು ರಸ್ತೆಯ ಅರ್ಥ ತಿಳಿಯದು. ದೀಪದ ಪ್ರಖರತೆಗೆ ಕಣ್ಣು ಕುರುಡಾಗಿ ನಿಂತಲ್ಲೇ ನಿಲ್ಲುವ ಮೃಗಕ್ಕೆ ಓಡುವ ಅವಕಾಶವೂ ಇರುವುದಿಲ್ಲ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು 2009ರಲ್ಲಿ ನಿಷೇಧಿಸಿದಾಗ ವ್ಯಾಪಾರವೇ ಮುಳುಗುತ್ತದೆಂದು ಕೂಗೆದ್ದಿತ್ತು. ವ್ಯಾಪಾರ ಮುಳುಗಲಿಲ್ಲ, ಕಾಡಿಗೆ ರಾತ್ರಿ ಮರಳಿ ಸಿಕ್ಕಿತು. ಎಲ್ಲ ಕಾಡುದಾರಿಗಳಿಗೂ ಆದೇಶ ಬರುವವರೆಗೆ ಕಾಯಬೇಕಾಗಿಲ್ಲ. ಕಾಡನ್ನು ಹಗಲಲ್ಲೇ ದಾಟುವೆನೆಂಬ ನಿರ್ಧಾರ ಸ್ವಂತ ಸ್ಟಿಯರಿಂಗ್ ಹಿಡಿದವನ ಕೈಯಲ್ಲೇ ಇದೆ. ಬಸ್ಸಿನ ಪ್ರಯಾಣಿಕನಿಗಿಲ್ಲದ ಸ್ವಾತಂತ್ರ್ಯದ ನಿಜವಾದ ಸದುಪಯೋಗ ಅದು.

ಕಡಲ ತೀರ ಸೇರಿದ ಮೇಲೆ ಬೇರೊಂದು ಪಾಠ ಕಾದಿರುತ್ತದೆ. ರಾಷ್ಟ್ರೀಯ ಹೆದ್ದಾರಿ 66ನ್ನು ಚತುಷ್ಪಥಗೊಳಿಸುವಾಗ ಗುಡ್ಡಗಳ ಬುಡವನ್ನು ಗೋಡೆಯಂತೆ ನೇರವಾಗಿ ಕಡಿಯಲಾಯಿತು. ಜಂಬಿಟ್ಟಿಗೆಯ ಮಣ್ಣು ಮಳೆನೀರನ್ನು ಬೇಗ ಹೀರುತ್ತದೆ. ಹೀರಿದ ನೀರು ಕೆಳಗಿನ ಜೇಡಿಯ ಪದರದ ಮೇಲೆ ನಿಂತು ಮೇಲಿನ ಮಣ್ಣನ್ನು ಸಡಿಲಿಸುತ್ತದೆ. ಬುಡದ ಆಸರೆ ಇದ್ದಷ್ಟು ಕಾಲ ಗುಡ್ಡ ನಿಂತಿರುತ್ತದೆ, ಆಸರೆ ಕಡಿದ ಮೇಲೆ ಅದು ಜಾರುವುದು ಯಾವ ಮಳೆಗೆ ಎಂಬುದಷ್ಟೇ ಪ್ರಶ್ನೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಪಕ್ಕದ ಚಹದಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಹೊಡೆಯಿತು. ಹಲವರು ಪ್ರಾಣ ಕಳೆದುಕೊಂಡರು. ಮೂರು ವಾರ ಕಳೆದ ಕೂಡಲೇ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ದಾರಿ ಬೇಗ ಸವೆಯಬೇಕೆಂಬ ಬೇಡಿಕೆಯಲ್ಲಿ ಪ್ರತಿ ಪ್ರವಾಸಿಯ ಪಾಲೂ ಇದೆ ಎಂಬುದನ್ನು ಒಪ್ಪಿಕೊಳ್ಳದೆ ಗುತ್ತಿಗೆದಾರನನ್ನಷ್ಟೇ ದೂರಿದರೆ ಅರ್ಧ ಸತ್ಯವಾದೀತು.

ಕುಮಟಾದ ಬಳಿ ಕಾರು ನಿಲ್ಲಿಸಿ ನೋಡಬೇಕಾದ ಸ್ಥಳವೊಂದಿದೆ. ಅಣೆಕಟ್ಟು ಕಾಣದೆ ಕಡಲು ಸೇರುವ ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಉಪ್ಪುನೀರು ನುಗ್ಗುವ ಗಜನಿ ಭೂಮಿಯಲ್ಲಿ ರೈತರು ತಲೆಮಾರುಗಳಿಂದ ಕಗ್ಗ ಎಂಬ ಭತ್ತ ಬೆಳೆದಿದ್ದಾರೆ. ಮಳೆನೀರು ಉಪ್ಪನ್ನು ತೊಳೆದಾಗ ಬಿತ್ತಿ, ನೆರೆಯಲ್ಲಿ ಮುಳುಗಿದರೂ ಎದ್ದು ನಿಲ್ಲುವ ತಳಿ ಅದು. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಬಾಗೇವಾಡಿಯ ಕಡೆಯ ರೈತನಿಗೂ ಸವಳು ಹೊಸತಲ್ಲ. ಕಾಲುವೆಯ ನೀರನ್ನು ಮಿತಿಯಿಲ್ಲದೆ ಕಬ್ಬಿಗೆ ಹಾಯಿಸಿದಾಗ ಅಂತರ್ಜಲ ಮೇಲೇರಿ, ಆವಿಯಾದ ನೀರು ಲವಣವನ್ನು ಮೇಲ್ಮಣ್ಣಿನಲ್ಲೇ ಬಿಟ್ಟುಹೋಗುತ್ತದೆ. ಕರಾವಳಿಯ ಉಪ್ಪು ಕಡಲು ತಂದದ್ದು, ಬಯಲಿನ ಉಪ್ಪು ಮನುಷ್ಯ ತಂದದ್ದು. ಒಂದರೊಡನೆ ಬಾಳಲು ಕಲಿತವರನ್ನು ಇನ್ನೊಂದರಿಂದ ನರಳುವವರು ಭೇಟಿಯಾಗಿ ಹತ್ತು ಮಾತಾಡಿದರೆ, ಆ ಪ್ರವಾಸ ಕಡಲ ದಂಡೆಯ ನೂರು ಚಿತ್ರಗಳಿಗಿಂತ ಹೆಚ್ಚಿನದನ್ನು ಮನೆಗೆ ತಂದೀತು.

ಮರಳುವ ಹಾದಿ ದೇವಿಮನೆ ಘಟ್ಟ ಹತ್ತಿ ಶಿರಸಿಗೆ, ಬಿಡುವಿದ್ದರೆ ಕದಂಬರ ಬನವಾಸಿಗೆ. ಈ ಭಾಗದ ಕಾಡುಗಳು ಸಿಂಗಳೀಕದ ನೆಲೆ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವೂ ರಚನೆಯಾಯಿತು. ಸಿಂಗಳೀಕ ಮರದಿಂದ ಮರಕ್ಕೆ ದಾಟಿಯೇ ಬದುಕುವ ಪ್ರಾಣಿ. ರಸ್ತೆಯ ಎರಡು ಬದಿಯ ಕೊಂಬೆಗಳು ಕೈಕೈ ಹಿಡಿದಿರುವವರೆಗೆ ಅದಕ್ಕೆ ರಸ್ತೆಯೊಂದು ಅಡ್ಡಿಯಲ್ಲ. ರಸ್ತೆ ಅಗಲವಾಗಿ ಕೊಂಬೆಗಳು ಕೈಬಿಟ್ಟ ದಿನ ಅದು ನೆಲಕ್ಕಿಳಿಯುತ್ತದೆ, ಕಾರಿಗೆ ಸಿಗುತ್ತದೆ. ತಮಿಳುನಾಡಿನ ವಾಲ್ಪಾರೈಯಲ್ಲಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆಗಳನ್ನು ಕಟ್ಟಿ ಸಿಂಗಳೀಕಗಳನ್ನು ಉಳಿಸುವ ಯತ್ನ ನಡೆದಿದೆ. ಕಡಿಯದೆ ಉಳಿಸಿದ ಕೊಂಬೆ ಅದಕ್ಕಿಂತ ಅಗ್ಗದ ಸೇತುವೆ.

ಸರ್ಕಾರದಿಂದ ಕೇಳಬೇಕಾದದ್ದು ಸ್ಪಷ್ಟವಿದೆ. ಘಟ್ಟದ ರಸ್ತೆಗಳು ಗಟ್ಟಿಯಾಗಲಿ, ಅಗಲವಾಗುವುದು ಬೇಡ. ಗುಡ್ಡ ಕಡಿಯುವ ಮುನ್ನ ಭೂವಿಜ್ಞಾನಿಗಳ ಮಾತು ಕಡತದಲ್ಲಿ ಮಾತ್ರವಲ್ಲ, ನೆಲದ ಮೇಲೂ ನಡೆಯಲಿ. ಹುಲಿ ಪ್ರದೇಶದ ದಾರಿಗಳಲ್ಲಿ ವೇಗಮಿತಿ ಫಲಕದ ಮೇಲಷ್ಟೇ ಇರದಿರಲಿ. ಬೆಳಗಾವಿ ಮತ್ತು ಉತ್ತರ ಕನ್ನಡದ ನಡುವೆ ಬಸ್ಸು, ರೈಲುಗಳು ಹೆಚ್ಚಲಿ. ಬಾಗೇವಾಡಿಯವರೇ ಆದ ಉಮೇಶ ಕತ್ತಿಯವರು 2022ರ ಸೆಪ್ಟೆಂಬರಿನಲ್ಲಿ ನಿಧನರಾದಾಗ ರಾಜ್ಯದ ಅರಣ್ಯ ಸಚಿವರಾಗಿದ್ದರು. ಕಬ್ಬಿನ ಸೀಮೆಗೂ ಕಾಡಿಗೂ ಸಂಬಂಧವಿಲ್ಲವೆಂದು ಆ ಊರಿನವರು ಹೇಳುವಂತಿಲ್ಲ.

ಪ್ರವಾಸಿಯಿಂದ ಕೇಳುವುದು ಇನ್ನೂ ಸಣ್ಣದು. ಮೂರು ದಿನದಲ್ಲಿ ಹತ್ತು ಸ್ಥಳ ಮುಗಿಸುವ ಬದಲು ಎರಡೇ ಊರುಗಳಲ್ಲಿ ತಂಗಲಿ. ಕತ್ತಲಾಗುವ ಮುನ್ನ ಕಾಡು ದಾಟಲಿ. ಕಾಡಿನಲ್ಲಿ ಹಾರ್ನ್ ಬೇಡ, ಮಂಗಗಳಿಗೆ ಚುರುಮುರಿ ಬೇಡ. ಹೊತ್ತು ತಂದ ಪ್ಲಾಸ್ಟಿಕ್ಕನ್ನು ಹೊತ್ತು ಮರಳಲಿ. ಘಟ್ಟದ ಹಳ್ಳಕ್ಕೆ ಎಸೆದ ಬಾಟಲಿ ಎಲ್ಲಿಗೂ ಹೋಗದೆ ಮಾಯವಾಗುವುದಿಲ್ಲ. ಪೂರ್ವಕ್ಕೆ ಹರಿಯುವ ಹಳ್ಳವಾದರೆ ಒಂದು ಮಳೆಗಾಲ ಕಳೆದ ಮೇಲೆ ಅದು ಬಯಲಿನ ಯಾವುದೋ ಹೊಲದ ಬದುವಿಗೆ ಬಂದು ನಿಲ್ಲುತ್ತದೆ. ನದಿ ಎಲ್ಲರಿಗಿಂತ ಮೊದಲಿನ ಪ್ರವಾಸಿ, ಅದು ಕೊಟ್ಟದ್ದನ್ನೂ ಎಸೆದದ್ದನ್ನೂ ಸಮನಾಗಿ ಮನೆ ಬಾಗಿಲಿಗೆ ತಲುಪಿಸುತ್ತದೆ.